ಆಲ್ಜಿಬ್ರಾ ಆಂಟಿ

ಅವರು ತೀರಿಕೊಂಡ ಸುದ್ದಿ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಮುಂದಿನ ವಾರದ ಪಾಟ್‌ಲಕ್‌ಗೆ ಯಾರು ಏನು ತರಬೇಕು ಎಂಬ ಚರ್ಚೆ ಆಗ ನಡೆಯುತ್ತಿತ್ತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಹೊಸದಾಗಿ ಸೇರಿದ್ದ ಯಾರೋ "ಇವರು ಯಾರು, ಗೊತ್ತಾಗ್ಲಿಲ್ಲ" ಎಂದು ಬರೆದರು. "ಮಿಡಲ್ ಸ್ಕೂಲ್ ಟೀಚರ್ ಇದ್ರಲ್ಲ, ಆಲ್ಜಿಬ್ರಾ ಆಂಟಿ" ಎಂದು ಇನ್ನೊಬ್ಬರು ಉತ್ತರಿಸಿದರು. ಸ್ವಲ್ಪ ಹೊತ್ತಿಗೆ ಮಾತು ಮತ್ತೆ ಬಿಸಿಬೇಳೆಬಾತಿಗೆ ಮರಳಿತು.

ಆ ಹೆಸರನ್ನು ಮೊದಲು ಇಟ್ಟದ್ದು ಮಕ್ಕಳು, ಪ್ರೀತಿಯಿಂದ. ದೊಡ್ಡವರು ಅದನ್ನು ಬೇರೆ ದನಿಯಲ್ಲಿ ಹೇಳತೊಡಗಿದ್ದು ಆಮೇಲೆ. ನಾನು ಎರಡು ದನಿಗಳನ್ನೂ ಕೇಳಿದವಳು. ನ್ಯೂಯಾರ್ಕಿಗೆ ರೈಲಿನ ದೂರದಲ್ಲಿರುವ ವೆಸ್ಟ್ ವಿಂಡ್ಸರ್ ಕಡೆಯ ಒಂದು ಮಿಡಲ್ ಸ್ಕೂಲಿನಲ್ಲಿ ಅವರು ಗಣಿತದ ಟೀಚರ್. ನಾನು ಅದೇ ಶಾಲೆಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಅವರು ಧಾರವಾಡದವರು, ನಾನು ಮೈಸೂರಿನವಳು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಹಿರಿಯರಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಬಾರವಾ, ರೊಟ್ಟಿ ತಿನ್ನು" ಎನ್ನುತ್ತಿದ್ದರು.

ಊಟದ ಬಿಡುವಿನಲ್ಲಿ ಬೇರೆ ಟೀಚರ್‌ಗಳೆಲ್ಲ ಸ್ಟಾಫ್ ರೂಮಿಗೆ ಹೋದರೆ ಇವರು ತಮ್ಮ ಕ್ಲಾಸಿನಲ್ಲೇ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಎದುರಿಗೆ ಯಾವುದಾದರೂ ಮಗು ಇದ್ದೇ ಇರುತ್ತಿತ್ತು. ಡಸ್ಟರ್ ಪಕ್ಕದಲ್ಲೇ ಇದ್ದರೂ ಬಿಳಿ ಹಲಗೆಯನ್ನು ಅಂಗೈಯಿಂದಲೇ ಒರೆಸುವುದು ಅವರ ಅಭ್ಯಾಸ. ಆದ್ದರಿಂದ ಅಂಗೈಯ ಅಂಚು ಸದಾ ನೀಲಿ. ಮಗು ಲೆಕ್ಕ ಬರಲಿಲ್ಲ ಎಂದರೆ ತಾವು ಮಾಡಿ ತೋರಿಸುತ್ತಿರಲಿಲ್ಲ. "ಎಲ್ಲಿ ನಿಂತೆ, ಅಲ್ಲಿಂದ ಹೇಳು" ಎಂದು ಇಂಗ್ಲಿಷಿನಲ್ಲಿ ಕೇಳಿ ಸುಮ್ಮನಾಗುತ್ತಿದ್ದರು. ಆ ಮೌನ ಎಷ್ಟು ಹೊತ್ತಾದರೂ ಅವರಿಗೆ ಭಾರವಾಗುತ್ತಿರಲಿಲ್ಲ. ರೊಟ್ಟಿ ಮುರಿಯುತ್ತ ಕಾಯುತ್ತಿದ್ದರು. ಮಗುವಿಗೂ ಆಮೇಲಾಮೇಲೆ ಅದು ಭಾರವಾಗುತ್ತಿರಲಿಲ್ಲ.

ನಮ್ಮ ಊರುಗಳಲ್ಲಿ ಆಲ್ಜಿಬ್ರಾ ಎಂದರೆ ಬರೀ ಒಂದು ಪಾಠವಲ್ಲ. ಆರನೆಯ ಕ್ಲಾಸಿನ ಕೊನೆಗೆ ಒಂದು ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಮೇಲೆ ಬಂದವರಿಗೆ ಏಳರಲ್ಲೇ ಆಲ್ಜಿಬ್ರಾ, ನಂತರದವರಿಗೆ ಎಂಟರಲ್ಲಿ, ಉಳಿದವರಿಗೆ ಹೈಸ್ಕೂಲಿಗೆ ಹೋದ ಮೇಲೆ ಒಂಬತ್ತರಲ್ಲಿ. ಏಳರಲ್ಲಿ ಮುಗಿಸಿದರೆ ಹನ್ನೊಂದಕ್ಕೇ ಕ್ಯಾಲ್ಕ್ಯುಲಸ್, ಹನ್ನೆರಡಕ್ಕೆ ಅದಕ್ಕೂ ಮೇಲಿನದು, ಅಲ್ಲಿಂದ ನೇರ ದೊಡ್ಡ ಕಾಲೇಜು. ಅಪ್ಪ ಅಮ್ಮಂದಿರ ಲೆಕ್ಕ ಹೀಗಿತ್ತು. ಅವರ ಬಾಯಲ್ಲಿ ಇದಕ್ಕೆಲ್ಲ ಸೇರಿ ಒಂದೇ ಪದ, ಟ್ರ್ಯಾಕ್. ಹುಟ್ಟುಹಬ್ಬದ ಪಾರ್ಟಿಯಲ್ಲಿ, ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ನ್ಯೂಯಾರ್ಕ್ ರೈಲು ಕಾಯುತ್ತ ನಿಂತಾಗ, ನಿಮ್ಮ ಮಗ ಯಾವ ಟ್ರ್ಯಾಕು, ನಮ್ಮ ಮಗಳು ಈ ಟ್ರ್ಯಾಕು.

"ಟ್ರ್ಯಾಕ್ ರೈಲಿಗಿ ಇರ್ತದ್ರಿ, ಹುಡುಗರಿಗಿ ಅಲ್ಲ" ಎಂದು ಇವರು ಒಮ್ಮೆ ಯುಗಾದಿ ಊಟದ ಸಾಲಿನಲ್ಲೇ ಹೇಳಿಬಿಟ್ಟರು. ಬಡಿಸುತ್ತಿದ್ದವರ ಕೈ ನಿಂತಿತು.

ಪೋಷಕರ ಭೇಟಿಯ ದಿನಗಳಲ್ಲಿ ಜಾಗ ಸಾಲದೆ ಕೆಲವು ಟೀಚರ್‌ಗಳು ಲೈಬ್ರರಿಯ ಮೇಜುಗಳಿಗೆ ಬರುತ್ತಿದ್ದರು. ಅಲ್ಲಿ ನನ್ನ ಕಿವಿಗೆ ಬಿದ್ದ ಒಂದು ಮಾತುಕತೆ ಮರೆತಿಲ್ಲ. ತೆಲುಗಿನವರೊಬ್ಬರು ಮಗಳನ್ನು ಕರೆತಂದಿದ್ದರು. ಏಳರಲ್ಲೇ ಆಲ್ಜಿಬ್ರಾ ಬೇಕು ಎಂದರು. ಇವರು ಮಗುವಿನ ಕಡೆ ತಿರುಗಿ, ಮೂರನ್ನು ಅರ್ಧದಿಂದ ಭಾಗಿಸಿದರೆ ಎಷ್ಟು ಎಂದು ಕೇಳಿದರು. ಹುಡುಗಿ ಕಣ್ಣು ಮಿಟುಕಿಸದೆ ಆರು ಎಂದಳು. ಯಾಕೆ ಆರು? ತಿರುಗಿಸಿ ಗುಣಿಸಬೇಕು. ಯಾಕೆ ತಿರುಗಿಸಬೇಕು? ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಬಾಯಿ ತೆರೆದರು.

"ನೀವಲ್ಲ ಸರ್. ಅವಳು ಹೇಳಲಿ."

ಇವರು ಮೇಜಿನ ಮೇಲಿದ್ದ ಮೂರು ಕಾಗದಗಳನ್ನು ಅವಳ ಕೈಗೆ ಕೊಟ್ಟು, ಅರ್ಧರ್ಧ ಹರಿ ಎಂದರು. ಹರಿದ ತುಂಡುಗಳನ್ನು ಎಣಿಸುತ್ತ ಹುಡುಗಿ ನಕ್ಕಳು. ಅಪ್ಪ ನಗಲಿಲ್ಲ. "ಇದು ಎರಡನೇ ಕ್ಲಾಸಿನ ಆಟ" ಎಂದು ಎದ್ದು ಹೋದರು. ಆ ಮನೆಯಿಂದ ಪ್ರಿನ್ಸಿಪಾಲರಿಗೆ ದೂರು ಹೋಯಿತು.

ಅವರಿಗೆ ಆಲ್ಜಿಬ್ರಾ ಮೇಲೆ ಕೋಪವಿತ್ತು ಎಂದು ಯಾರಾದರೂ ತಿಳಿದರೆ ತಪ್ಪು. ಎಕ್ಸ್ ಎಂಬ ಅಕ್ಷರವನ್ನು ಹಲಗೆಯ ಮೇಲೆ ಮೊದಲ ಸಲ ಬರೆಯುವ ದಿನ ಅವರು ಇಳಕಲ್ ಸೀರೆ ಉಟ್ಟು ಬರುತ್ತಿದ್ದರು. ಹಬ್ಬವೇ ಎಂದು ಬಿಳಿಯ ಟೀಚರ್‌ಗಳು ಕೇಳಿದರೆ ಹೌದು ಎನ್ನುತ್ತಿದ್ದರು. ಅವರ ಹಟ ಒಂದೇ ಆಗಿತ್ತು. ಮಗು ತಯಾರಾಗಿರಬೇಕು, ಅಪ್ಪ ಅಮ್ಮ ಅಲ್ಲ.

ಇದರ ಹಿಂದೆ ಅವರದೇ ಒಂದು ಕತೆಯಿತ್ತು. ಒಮ್ಮೆ ಮಾತ್ರ ಹೇಳಿದರು, ಅದೂ ನಾನು ಕೇಳಿದ್ದಕ್ಕೆ. ಅವರ ಅಪ್ಪ ಹೆಡ್‌ಮಾಸ್ಟರು. ಮಗಳು ಚುರುಕು ಎಂದು ಡಬಲ್ ಪ್ರಮೋಶನ್ ಕೊಡಿಸಿದರು, ಮತ್ತೊಂದು ಸಲವೂ ಕೊಡಿಸಿದರು. ತಮಗಿಂತ ಮೊಳ ಎತ್ತರದ ಹುಡುಗಿಯರ ನಡುವೆ ಕೂತು ಇವರು ಪ್ರತಿ ವರ್ಷ ಮೊದಲನೆಯವರಾಗಿ ಪಾಸಾದರು.

"ನನಗ ಎಲ್ಲಾ ಬರ್ತಿತ್ತವಾ. ಆದ್ರ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಮಾತಾಡ್ಲಿಕ್ಕೆ ಯಾರೂ ಇರಲಿಲ್ಲ. ಆ ಹುಡುಗ್ಯಾರು ಏನ್ ಮಾತಾಡ್ತಾರ ಅಂತನೂ ನನಗ ತಿಳೀತಿರಲಿಲ್ಲ. ಕೇಳಿದ್ರ ನಗ್ತಿದ್ರು."

ಇಷ್ಟು ಹೇಳಿ ಡಬ್ಬಿಯ ಮುಚ್ಚಳ ಹಾಕಿದರು.

ಅವರಿಗೆ ಮಕ್ಕಳಿರಲಿಲ್ಲ. ಗಂಡ ಸಮರ್‌ಸೆಟ್ ಹತ್ತಿರದ ಔಷಧ ಕಂಪನಿಯೊಂದರಲ್ಲಿದ್ದರು, ಮಿತಭಾಷಿ. ಮಕ್ಕಳಿಲ್ಲದ ಮಾತನ್ನು ಅವರು ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ. ಎತ್ತುವವರು ಬೇರೆ ಇದ್ದರು.

ಶೈಲಜಾ ನಮ್ಮಿಬ್ಬರಿಗೂ ಗೆಳತಿ. ಬೆಂಗಳೂರಿನ ರಾಜಾಜಿನಗರದವಳು. ನಾಲ್ಕು ಜನ ಸೇರಿದ ಕಡೆ ಅವಳ ನಗುವೇ ಮೊದಲು ಕೇಳುವುದು. ಅವಳ ಒಬ್ಬಳೇ ಮಗಳು ಅನಘಾ. ಅಕ್ಕ ಮನೆಯಲ್ಲಿ ನಡೆಸುತ್ತಿದ್ದ ಭಾನುವಾರದ ಕನ್ನಡ ಕ್ಲಾಸಿಗೆ ಬರುತ್ತಿದ್ದಳು, ಅಕ್ಕನ ಮನೆಯಲ್ಲೇ ಅರ್ಧ ಬೆಳೆದಳು ಎಂದರೂ ಸರಿ. ನಿಧಾನದ ಹುಡುಗಿ. ದಡ್ಡಿ ಅಲ್ಲ, ನಿಧಾನ. ಒಂದು ಚಿತ್ರ ಬಿಡಿಸಲು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ನಮ್ಮ ಶಾಲೆಯಲ್ಲೇ ಓದುತ್ತಿದ್ದ ಅನಘಾ ಆರನೆಯ ಕ್ಲಾಸಿನ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿದಳು. ಗಣಿತದ ಟೀಚರ್ ಆಗಿದ್ದ ಅಕ್ಕ ಶಿಫಾರಸು ಮಾಡಿದರೆ ಇನ್ನೂ ಅವಕಾಶವಿತ್ತು. ಶೈಲಜಾ ನನ್ನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದಳು. ಚಹಾ ಬಂತು. ಅವಳು ಕಪ್ಪು ಮುಟ್ಟುವ ಮುಂಚೆಯೇ ಮಾತು ತೆಗೆದಳು.

"ಅಕ್ಕ, ಈ ವರ್ಷ ಮಿಸ್ ಆದ್ರೆ ಪೂರ್ತಿ ಟ್ರ್ಯಾಕೇ ಹೋಗುತ್ತೆ. ನೀವೊಂದು ಮಾತು ಬರೆದುಕೊಟ್ರೆ ಸಾಕು."

"ಇನ್ನೊಂದು ವರ್ಷ ತಡಿ, ಶೈಲಾ. ಎಂಟರಾಗ ತಗೊಳ್ಳಲಿ. ಆಕಿ ಛಲೋ ಮಾಡ್ತಾಳ, ನಾ ಹೇಳ್ತೀನಿ."

"ಅವಳ ಫ್ರೆಂಡ್ಸ್ ಎಲ್ಲ ಹೋಗ್ತಿದ್ದಾರೆ ಅಕ್ಕ. ಇವಳೊಬ್ಬಳು ಹಿಂದೆ ಉಳಿದ್ರೆ ನಾವು ಮುಖ ತೋರಿಸೋದು ಹೇಗೆ?"

"ನಿನ್ನ ಮುಖದ ಮಾತಲ್ಲ ಇದು. ಲೆಕ್ಕ ಮಾಡಾಕಿ ಆಕಿ."

ಶೈಲಜಾಳ ನಗು ಆ ದಿನ ಕೇಳಲಿಲ್ಲ. "ನೀವು ನಮ್ಮವರು ಅಂತ ಬಂದೆ" ಎಂದಳು. ಚಹಾ ಹಾಗೇ ಉಳಿಯಿತು. ಮರುವಾರ ಗಂಡ ಹೆಂಡತಿ ಟೀಚರ್ ಅಭಿಪ್ರಾಯವನ್ನು ಮೀರಿ, ತಮ್ಮ ಜವಾಬ್ದಾರಿಯ ಮೇಲೆ ಸಹಿ ಹಾಕಿ ಮಗಳನ್ನು ಏಳನೆಯ ಕ್ಲಾಸಿನ ಆಲ್ಜಿಬ್ರಾಕ್ಕೆ ಸೇರಿಸಿದರು. ಆ ವರ್ಷ ಆ ಕ್ಲಾಸು ಬಂದದ್ದು ಅಕ್ಕನ ಪಾಲಿಗೇ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಶಾಲೆ ಬಿಟ್ಟ ಮೇಲೆ ಒಂದು ಟ್ಯೂಷನ್, ಶನಿವಾರ ಎಡಿಸನ್‌ನಲ್ಲಿ ಇನ್ನೊಂದು. ಭಾನುವಾರದ ಕನ್ನಡ ಕ್ಲಾಸು ನಿಂತಿತು. ಅಂಕ ಬರುತ್ತಿದ್ದವು. ಶೈಲಜಾ ನನ್ನೆದುರು, "ನೋಡಿದ್ಯಾ, ಅಕ್ಕ ಸುಮ್ನೆ ಹೆದರಿಸಿದ್ರು" ಎಂದಳು. ಅಕ್ಕನಿಗೆ ಅದನ್ನು ನಾನು ಹೇಳಲಿಲ್ಲ. ಅವರು ತಾವಾಗಿಯೇ "ಆ ಹುಡುಗಿ ಬಾಯಿಪಾಠ ಮಾಡ್ಕೊಂಡು ಬರ್ತಾಳವಾ, ಎಕ್ಸನ್ನೂ" ಎಂದರು.

ಚಳಿಗಾಲದಲ್ಲಿ ಅನಘಾ ಉಣ್ಣೆಯ ಟೊಪ್ಪಿ ಹಾಕಿಕೊಂಡು ಬರತೊಡಗಿದಳು. ಕ್ಲಾಸಿನಲ್ಲೂ ತೆಗೆಯುತ್ತಿರಲಿಲ್ಲ. ಒಂದು ದಿನ ಅಕ್ಕ ಅವಳ ಮೇಜಿನ ಬಳಿ ಬಗ್ಗಿ ನೋಡಿದಾಗ ಪುಸ್ತಕದ ಅಂಚಿನಲ್ಲಿ ಉದುರಿದ ಕೂದಲುಗಳು ಕಂಡವು. ಟೊಪ್ಪಿ ಸರಿದ ಕಡೆ, ಕಿವಿಯ ಹಿಂದೆ, ಬರೀ ಚರ್ಮ. ಮಗು ತನ್ನ ಕೂದಲನ್ನು ತಾನೇ ಒಂದೊಂದಾಗಿ ಕಿತ್ತುಕೊಳ್ಳುತ್ತಿತ್ತು.

ಊಟದ ಬಿಡುವಿನಲ್ಲಿ, ನಾನು ಎದುರಿಗಿದ್ದಾಗಲೇ, ಅಕ್ಕ ಶೈಲಜಾಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. ಐರನ್ ಕಡಿಮೆಯಾಗಿದೆ ಎಂದು ಡಾಕ್ಟರ್ ಹೇಳಿದ್ದಾರೆ, ಮಾತ್ರೆ ನಡೆಯುತ್ತಿದೆ ಎಂದಳು ಅವಳು. ಕ್ಲಾಸು ಬದಲಾಯಿಸೋಣ, ಈಗಲೂ ತಡವಾಗಿಲ್ಲ ಎಂದರು ಇವರು. ಫೋನು ಅಂದು ಮನೆಯಲ್ಲೇ ಇದ್ದ ಅವಳ ಗಂಡನ ಕೈಗೆ ಹೋಯಿತು. ಅವನು ಜೋರು ಮಾಡಲಿಲ್ಲ, ಬಹಳ ಮರ್ಯಾದೆಯಿಂದಲೇ ಮಾತಾಡಿದ.

"ಮೇಡಂ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಮಕ್ಕಳನ್ನ ಬೆಳೆಸೋದು ಏನು ಅಂತ ನಿಮಗೆ ಗೊತ್ತಿರೋಕೆ ಸಾಧ್ಯ ಇಲ್ಲ. ಇದನ್ನ ನಮಗೆ ಬಿಟ್ಟುಬಿಡಿ."

ಅಕ್ಕ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ರೊಟ್ಟಿ ಅರ್ಧವೇ ಆಗಿತ್ತು, ಡಬ್ಬಿ ಮುಚ್ಚಿದರು. ಎದ್ದು ಹೋಗಿ, ಏನೂ ಬರೆದಿರದ ಹಲಗೆಯನ್ನು ಅಂಗೈಯಿಂದ ಒರೆಸಿದರು.

ಅಂದಿನಿಂದ ಅವರು ಅನಘಾಳನ್ನು ಊಟದ ಬಿಡುವಿನಲ್ಲಿ ಕ್ಲಾಸಿಗೆ ಕರೆಯತೊಡಗಿದರು. ಲೆಕ್ಕ ಮಾಡಿಸುತ್ತಿರಲಿಲ್ಲ. ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುತ್ತಿದ್ದರು. ನಾನು ಹೋದಾಗಲೆಲ್ಲ ಹುಡುಗಿ ತಲೆ ತಗ್ಗಿಸಿಕೊಂಡು ಏನೋ ಬಿಡಿಸುತ್ತ ಕೂತಿರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಆ ಕೋಣೆಯಲ್ಲಿ ಮಾತ್ರ ಅವಳ ಕೈ ತಲೆಗೆ ಹೋಗುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ.

ಮಾರ್ಚಿನಲ್ಲಿ ಒಂದು ಟೆಸ್ಟಿನ ಮುನ್ನಾದಿನ ಆ ಹುಡುಗಿ, ಬಣ್ಣ ಹಚ್ಚುತ್ತಿದ್ದವಳು ತಲೆಯೆತ್ತದೆಯೇ ಹೇಳಿದಳಂತೆ, ತಾನು ಇಲ್ಲದೇ ಹೋದರೆ ಕ್ಲಾಸು ಬದಲಾಯಿಸುವ ಗಲಾಟೆಯೇ ಇರುವುದಿಲ್ಲ ಅಲ್ಲವಾ ಎಂದು. ಇಲ್ಲದೇ ಹೋದರೆ ಅಂದರೆ ಏನು ಎಂದು ಅಕ್ಕ ಕೇಳಿದರು. ಅವಳು ಹೆಗಲು ಕುಣಿಸಿದಳು. ಅದರ ಬಗ್ಗೆ ಯೋಚಿಸಿದ್ದೀಯಾ ಎಂದು ಕೇಳಿದರು. ಹೌದು ಎಂದಳು.

ಮಗು ಇಂಥ ಮಾತಾಡಿದರೆ ಅದೇ ದಿನ ಶಾಲೆಯ ಕೌನ್ಸೆಲರ್‌ಗೆ ತಿಳಿಸಬೇಕು. ಅದು ನಿಯಮ, ಅದರಲ್ಲಿ ಟೀಚರ್‌ಗೆ ಆಯ್ಕೆಯಿಲ್ಲ. ಅಕ್ಕ ತಿಳಿಸಿದರು. ಆಮೇಲೆ ನಡೆದದ್ದೆಲ್ಲ ಅವರ ಕೈ ಮೀರಿತ್ತು. ಅಪ್ಪ ಅಮ್ಮನಿಗೆ ಕರೆ ಹೋಯಿತು. ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡಿ ಬರೆದುಕೊಡುವವರೆಗೆ ಮಗು ಶಾಲೆಗೆ ಬರುವಂತಿಲ್ಲ ಎಂದರು. ಶೈಲಜಾ ಕೆಲಸದಿಂದ ಓಡಿ ಬಂದಳು, ಗಂಡ ನ್ಯೂಯಾರ್ಕಿನಿಂದ ರೈಲು ಹಿಡಿದು ಬಂದ. ಮನೆಗೆ ಸರ್ಕಾರದವರು ಬರುತ್ತಾರೆ, ಮಗಳನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಭಯ ಅವರ ಮುಖದ ಮೇಲಿತ್ತು. ಶಾಲೆ ಬಿಡುವ ಹೊತ್ತು. ಬಸ್ಸುಗಳಿಗೆ ಸಾಲು ನಿಂತಿದ್ದ ಮಕ್ಕಳೆಲ್ಲ ನೋಡುತ್ತಿದ್ದಂತೆ ಮೂವರೂ ಮುಂಬಾಗಿಲಿನಿಂದ ಹೊರಗೆ ಹೋದರು. ಅದಕ್ಕೆ ಮುಂಚೆ ಕಾರಿಡಾರಿನಲ್ಲಿ ಅಕ್ಕ ಎದುರಾದಾಗ ಶೈಲಜಾ ನಿಂತಿದ್ದಳು.

"ಮೊದಲ ದಿನದಿಂದ ಇದೇ ಆಗ್ಲಿ ಅಂತ ಕಾಯ್ತಿದ್ರಿ ಅಲ್ವಾ? ನಿಮ್ಮ ಕಣ್ಣೇ ತಾಗಿದ್ದು ನನ್ನ ಮಗಳಿಗೆ."

ಅನಘಾ ನೆಲ ನೋಡುತ್ತಿದ್ದಳು.

ಹುಡುಗಿ ನಮ್ಮ ಶಾಲೆಗೆ ಮತ್ತೆ ಬರಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಅವರು ಮನೆ ಮಾರಿ ಬೇರೆ ಕಡೆ ಹೋದರು. ಎಲ್ಲಿಗೆ ಎಂದು ನನಗೂ ಹೇಳಲಿಲ್ಲ. ಸುದ್ದಿ ಮಾತ್ರ ಊರಲ್ಲೇ ಉಳಿಯಿತು. ನಮ್ಮವರ ಮಗುವನ್ನು ಹುಚ್ಚಾಸ್ಪತ್ರೆಗೆ ಕಳಿಸಿದವರು ಎಂದರು ಕೆಲವರು. ಹೇಳುವುದಿದ್ದರೆ ನಮ್ಮ ನಡುವೆಯೇ ಹೇಳಬೇಕಿತ್ತು ಎಂದರು ಸ್ವಲ್ಪ ಮೆತ್ತಗಿನವರು. ಭಾನುವಾರದ ಕನ್ನಡ ಕ್ಲಾಸಿಗೆ ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾದರು. ಸಾಕರ್ ಇದೆ, ಪಿಯಾನೊ ಇದೆ ಎಂದು ಕಾರಣ ಬರುತ್ತಿತ್ತು. ಒಂದು ಭಾನುವಾರ ನಾನು ಹೋದಾಗ ಅಕ್ಕ ಚಾಪೆ ಹಾಸಿ ಒಬ್ಬರೇ ಕೂತಿದ್ದರು. "ಇವತ್ತ ಭಾಳ ಥಂಡಿ ಅದ, ಅದಕ್ಕ ಬಂದಿಲ್ಲ ಯಾರೂ" ಎಂದರು. ಆಗ ಮೇ ತಿಂಗಳು.

ಕೆಲವು ವರ್ಷ ಕಳೆದವು. ಏಳರಲ್ಲಿ ಆಲ್ಜಿಬ್ರಾ ಕೊಡುವುದನ್ನೇ ನಿಲ್ಲಿಸಿ, ಎಲ್ಲರಿಗೂ ಒಂದೇ ಕ್ಲಾಸು ಮಾಡಬೇಕೆಂಬ ಪ್ರಸ್ತಾಪ ಶಾಲಾ ಮಂಡಳಿಯ ಮುಂದೆ ಬಂತು. ಸಭೆಗೆ ಜನ ಕಿಕ್ಕಿರಿದು ಬಂದರು. ನಮ್ಮವರೆಲ್ಲ ವಿರೋಧಿಸಲು ಬಂದಿದ್ದರು. ಅಕ್ಕ ಮೈಕಿನ ಬಳಿ ಹೋದಾಗ ಪ್ರಸ್ತಾಪದ ಕಡೆಯವರು ಚಪ್ಪಾಳೆ ತಟ್ಟಿದರು, ತಮ್ಮ ಪರ ಎಂದುಕೊಂಡು. ಅವರು ಬೇರೆಯೇ ಒಬ್ಬ ಹುಡುಗಿಯ ವಿಷಯ ಎತ್ತಿದರು. ಗ್ವಾಟೆಮಾಲಾದಿಂದ ಬಂದ ಮಾರಿಸೋಲ್ ಎಂಬ ಹುಡುಗಿ, ಇಂಗ್ಲಿಷ್ ಸರಿಯಾಗಿ ಬಾರದು ಎಂಬ ಕಾರಣಕ್ಕೆ ಅವಳನ್ನು ಕೆಳಗಿನ ಕ್ಲಾಸಿಗೆ ಹಾಕಿದ್ದರು. ಅಕ್ಕ ಹೇಳಿಕೊಡುವ ಮೊದಲೇ ಅವಳು ತನ್ನಷ್ಟಕ್ಕೆ ಸಮೀಕರಣ ಬಿಡಿಸುತ್ತಿದ್ದಳು. ಜಗಳವಾಡಿ ಅವಳನ್ನು ಮೇಲಕ್ಕೆ ಹಾಕಿಸಿದರು. ಅಷ್ಟರಲ್ಲಿ ಬಾಡಿಗೆ ಏರಿ ಆ ಕುಟುಂಬ ಟ್ರೆಂಟನ್‌ಗೆ ಹೋಯಿತು. ಅಲ್ಲಿನ ಶಾಲೆ ಅವಳನ್ನು ಮತ್ತೆ ಮೊದಲಿನ ಕ್ಲಾಸಿಗೇ ಕೂರಿಸಿತು. "ಬಾಗಿಲು ಮುಚ್ಚಬೇಡಿ. ಅದರೊಳಗೆ ಯಾರನ್ನೂ ನೂಕಲೂ ಬೇಡಿ" ಎಂದು ಹೇಳಿ ಕೂತರು.

ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ಕಡೆಯವರಿಗೆ ಅವರು ಕೈಕೊಟ್ಟವರು, ಇನ್ನೊಂದು ಕಡೆಯವರಿಗೆ ಮೊದಲೇ ಬೇಡವಾದವರು. ಪ್ರಸ್ತಾಪ ಬಿದ್ದುಹೋಯಿತು. ಮರುವಸಂತದಲ್ಲಿ ಪರೀಕ್ಷೆ ಎಂದಿನಂತೆ ನಡೆಯಿತು.

ಅದಾಗಿ ಎಷ್ಟೋ ವರ್ಷಕ್ಕೆ, ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಹೊಟ್ಟೆಯಲ್ಲೆಲ್ಲ ಹರಡಿತ್ತು. ವರ್ಷದ ನಡುವೆ ಕೆಲಸ ಬಿಟ್ಟರು. ನಾನು ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆ. ಬಹಳ ಸೊರಗಿದ್ದರು. ಅಂಗೈಯ ಅಂಚು ಬೆಳ್ಳಗಾಗಿತ್ತು. ಒಂದು ಮಧ್ಯಾಹ್ನ, ನಿದ್ದೆ ಬಂದಿದೆ ಎಂದುಕೊಂಡು ನಾನು ಎದ್ದಾಗ ಕೇಳಿದರು.

"ಆ ಹುಡುಗಿ ಹೆಂಗಿದ್ದಾಳಂತವಾ?"

ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲ ಅಕ್ಕ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ಲೆಕ್ಕದಾಗ ತಪ್ಪಾದ್ರ ಹಿಂದ ಹೋಗಿ ಯಾವ ಸಾಲಿನಾಗ ತಪ್ಪಿದೆ ಅಂತ ನೋಡಬಹುದು. ಇದರಾಗ ಎಷ್ಟ್ ಹಿಂದ ಹೋದ್ರೂ ಆ ಸಾಲು ಸಿಗವಲ್ದು. ಅವತ್ತ ಶಿಫಾರಸು ಬರದುಕೊಟ್ಟಿದ್ರ? ಆಫೀಸಿಗಿ ಹೋಗೂದಕ್ಕಿಂತ ಮೊದಲ ಅವರ ಮನಿಗಿ ಹೋಗಿದ್ರ?"

"ನಿಯಮ ಇತ್ತಲ್ಲ ಅಕ್ಕ. ನೀವು ಮಾಡಿದ್ದು ಸರಿಯೇ."

"ಸರಿ ಅದ. ಅದು ನನಗೂ ಗೊತ್ತದ. ಸರಿ ಇದ್ರೂ ಆಕಿ ಇಲ್ಲಲ್ಲ."

ಆಮೇಲೆ ಆ ಮಾತು ಬರಲಿಲ್ಲ. ಅಕ್ಟೋಬರಿನಲ್ಲಿ ಹೋದರು.

ಅಂತಿಮ ದರ್ಶನಕ್ಕೆ ಬಂದವರು ಹೆಚ್ಚಿರಲಿಲ್ಲ. ಶಾಲೆಯ ಕೆಲವು ಟೀಚರ್‌ಗಳು, ಗಂಡನ ಆಫೀಸಿನವರು, ಬಳಗದಿಂದ ನಾವು ಬೆರಳೆಣಿಕೆಯ ಮಂದಿ. ಪುರೋಹಿತರು ಇನ್ನೂ ದಾರಿಯಲ್ಲಿದ್ದರು. ಬಾಗಿಲ ಬಳಿ ತುಂಡುಗೂದಲಿನ, ಕಪ್ಪು ಕೋಟಿನ ಹುಡುಗಿಯೊಬ್ಬಳು ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದಳು. ಅವಳು ಯಾರೆಂದು ತಿಳಿಯಲು ನನಗೆ ಕೊಂಚ ಹೊತ್ತು ಬೇಕಾಯಿತು.

ಅನಘಾ ಈಗ ಹ್ಯಾರಿಸನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಾಳೆ. ಮ್ಯಾನ್‌ಹಟನ್‌ನಲ್ಲಿ ಯಾವುದೋ ಆಫೀಸಿನ ಕೆಲಸ. ಶಾಲೆಯ ಹಳೆಯ ವಿದ್ಯಾರ್ಥಿಗಳ ಪೇಜಿನಲ್ಲಿ ಸುದ್ದಿ ನೋಡಿ ಬಂದಿದ್ದಳು. ಅಮ್ಮ ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿರಬೇಕು ಎಂದಳು. ನನಗೆ ತಡೆಯಲಾಗಲಿಲ್ಲ. ಆಂಟಿ ಕೊನೆಗೆ ನಿನ್ನನ್ನೇ ಕೇಳುತ್ತಿದ್ದರು, ಅಂದು ಅವರು ಹೇಳದೇ ಇದ್ದಿದ್ದರೆ ಏನಾಗುತ್ತಿತ್ತೋ ಎಂದೆ. ಅವಳು ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ ಉತ್ತರಿಸಿದಳು.

ಅವರು ನನ್ನನ್ನು ಉಳಿಸಿದರು ಎಂದು ಥೆರಪಿಸ್ಟ್‌ಗಳೆಲ್ಲ ಹೇಳಿದ್ದಾರೆ, ಇರಬಹುದು ಎಂದಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಪ್ಪ ಅವಳ ಜೊತೆ ಮಾತಾಡುವುದನ್ನೇ ಬಿಟ್ಟರಂತೆ, ಅಮ್ಮ ಅವಳೆದುರು ಪಿಸುಮಾತಾಡುತ್ತಲೇ ಓಡಾಡಿದಳಂತೆ, ವರ್ಷಗಟ್ಟಲೆ. ಹೊಸ ಶಾಲೆಯಲ್ಲಿ ಗಣಿತವನ್ನು ಕೆಳಗಿನ ಕ್ಲಾಸಿಗೆ ಇಳಿಸಿದರು. ಅದರಿಂದ ಏನೂ ಹಗುರವಾಗಲಿಲ್ಲ. "ಇಡೀ ದಿನದಲ್ಲಿ ನಾನು ನಿಧಾನವಾಗಿ ಇರಬಹುದಾಗಿದ್ದ ಜಾಗ ಒಂದೇ, ಆಂಟಿ, ಅವರ ರೂಮು. ಅವರು ಕೌನ್ಸೆಲರ್‌ಗೆ ಹೇಳಿದ ದಿನ ಅದನ್ನೂ ಕಳಕೊಂಡೆ. ಅವರ ಮೇಲೆ ಕೋಪ ಇತ್ತು. ಈಗ ಇದೆಯೋ ಇಲ್ಲವೋ ನೋಡೋಣ ಅಂತ ಬಂದೆ."

ಅವಳು ನನ್ನನ್ನು ದಾಟಿ ಮುಂದೆ ಹೋದಳು. ಅಕ್ಕನನ್ನು ಮಲಗಿಸಿದ್ದ ಪೆಟ್ಟಿಗೆಯ ಬಳಿ ಬಹಳ ಹೊತ್ತು ನಿಂತಳು. ಅವಸರ ಮಾಡಲಿಲ್ಲ. ಇಳಕಲ್ ಸೀರೆ ಉಡಿಸಿದ್ದರು. ಹಿಂದೆ ನಿಂತವರು ಕಾದರು.

ಅಕ್ಕನ ಗಂಡ ಪಕ್ಕದಲ್ಲಿದ್ದರು. ಅವಳ ಗುರುತು ಅವರಿಗೆ ಸಿಗಲಿಲ್ಲ. ಬಂದವರೆಲ್ಲರನ್ನೂ ಕೇಳುತ್ತಿದ್ದಂತೆ ಅವಳನ್ನೂ ಕೇಳಿದರು.

"ಸ್ಟೂಡೆಂಟ್ ಏನಮ್ಮಾ? ಯಾವ ವರ್ಷ ಇದ್ದಿ ಆಕಿ ಕ್ಲಾಸಿನಾಗ?"

"ಇದ್ದೆ ಅಂಕಲ್" ಎಂದಳು ಅವಳು, ಈ ಸಲ ಕನ್ನಡದಲ್ಲೇ. "ವರ್ಷ ಪೂರ್ತಿ ಆಗ್ಲಿಲ್ಲ."